ರೀಡರ್ ಹಿಂದಿನ ಎರಡು ತಂತಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ದುಡಿಯಲು ಬೆಂಗಳೂರಿಗೆ ಹೋದವರಲ್ಲಿ ಸೆಕ್ಯುರಿಟಿ ಕೆಲಸ ಹಿಡಿದವರೂ ಇದ್ದಾರೆ. ಹಿರೋಳ್ಳಿಯ ಹುಡುಗನೊಬ್ಬ ಎಲೆಕ್ಟ್ರಾನಿಕ್ ಸಿಟಿಯ ಗೇಟಿನಲ್ಲಿ ನಿಂತರೆ ಅವನ ಕಣ್ಣು ಬಂದು ಹೋಗುವವರ ಮೇಲೆ. ಪಕ್ಕದ ಗೋಡೆಯ ಕಾರ್ಡ್ ರೀಡರ್ ಹಿಂದಿನ ತಂತಿಯನ್ನು ಕಾಯುವವರು ಯಾರೂ ಇಲ್ಲ.

ಹಳೆಯ ರೀಡರೊಂದರ ಸ್ಕ್ರೂ ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು ಒಂದು ಹಸಿರು, ಒಂದು ಬಿಳಿ ಡೇಟಾ ತಂತಿ. ಇದು ವೀಗಾಂಡ್ ಪದ್ಧತಿ. ಜಾನ್ ವೀಗಾಂಡ್ ರೂಪಿಸಿದ ಕಾಂತೀಯ ತಂತಿಯ ಕಾರ್ಡುಗಳಿಂದ ಬಂದ ಹೆಸರು. ಅದರ ಜನಪ್ರಿಯ 26 ಬಿಟ್ ಮಾದರಿಯಲ್ಲಿ 8 ಬಿಟ್ ಸಂಸ್ಥೆಯ ಸಂಕೇತಕ್ಕೆ, 16 ಬಿಟ್ ಕಾರ್ಡ್ ನಂಬರಿಗೆ, ಮಿಕ್ಕ ಎರಡು ತಪ್ಪು ಹಿಡಿಯುವುದಕ್ಕೆ. ಒಂದು ಸಂಕೇತದಡಿ 65,536 ನಂಬರುಗಳಷ್ಟೇ. ಬಾಗಿಲು ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸುವ ಕಂಟ್ರೋಲರಿಗೆ ರೀಡರ್ ಈ ನಂಬರನ್ನು ಡಂಗುರ ಸಾರಿದಂತೆ ಬಯಲಾಗಿ ಕಳಿಸುತ್ತದೆ. ಇಎಸ್‌ಪಿಕೀ ಎಂಬ ಪುಟ್ಟ ಸಾಧನವನ್ನು ತಂತಿಗೆ ಕಚ್ಚಿಸಿದರೆ ನಂಬರು ದಾಖಲಾಗುತ್ತದೆ, ಬೇಕೆಂದಾಗ ಮತ್ತೆ ಕಳಿಸಲೂಬಹುದು. ಕಂಟ್ರೋಲರಿಗೆ ಸುಳಿವೇ ಸಿಗದು.

ಇದಕ್ಕೆ ಉತ್ತರವಾಗಿ ಬಂದದ್ದು ಓಎಸ್‌ಡಿಪಿ, ಅಂದರೆ ರೀಡರ್ ಮತ್ತು ಕಂಟ್ರೋಲರ್ ಮಾತಾಡುವ ಇನ್ನೊಂದು ಪದ್ಧತಿ. ಆರ್‌ಎಸ್-485 ತಂತಿಯ ಮೇಲೆ 1,200 ಮೀಟರ್‌ವರೆಗೂ ಎರಡೂ ಕಡೆಯಿಂದ ಮಾತುಕತೆ. ಕಂಟ್ರೋಲರ್ ಪದೇಪದೇ ವಿಚಾರಿಸುತ್ತಲೇ ಇರುವುದರಿಂದ ರೀಡರ್ ಕಿತ್ತರೆ ಗೊತ್ತಾಗುತ್ತದೆ. ಸೆಕ್ಯೂರ್ ಚಾನೆಲ್ ಹಾಕಿದರೆ ಎಇಎಸ್-128 ಗೂಢಲಿಪಿಯೂ ಉಂಟು. 2020ರಲ್ಲಿ ಅಂತರರಾಷ್ಟ್ರೀಯ ಐಇಸಿ ಮಾನಕವೂ ಆಯಿತು.

ತಕರಾರು ಇರುವುದು ಆ ‘ಹಾಕಿದರೆ’ ಎಂಬಲ್ಲೇ. ಗೂಢಲಿಪಿ ಇಲ್ಲಿ ಐಚ್ಛಿಕ. 2023ರ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಬಿಷಪ್ ಫಾಕ್ಸ್ ಸಂಸ್ಥೆಯ ಡ್ಯಾನ್ ಪೆಟ್ರೊ, ಡೇವಿಡ್ ವರ್ಗಾಸ್ ಇದರ ದೌರ್ಬಲ್ಯಗಳನ್ನು ಬಿಚ್ಚಿಟ್ಟರು. ‘ನನಗೆ ಗೂಢಲಿಪಿ ಬರುವುದಿಲ್ಲ’ ಎಂದು ರೀಡರಿನ ಹೆಸರಲ್ಲಿ ನಡುವಿನ ಸಾಧನವೊಂದು ಸುಳ್ಳು ಹೇಳಿದರೆ, ಅದನ್ನು ನಂಬಿ ಬಯಲು ಮಾತಿಗೆ ಇಳಿಯುವ ಕಂಟ್ರೋಲರುಗಳಿವೆ. ಗೂಢಲಿಪಿಯ ಕೀಲಿ ಕೂಡಿಸಲೆಂದು ತೆರೆದ ಇನ್‌ಸ್ಟಾಲ್ ಮೋಡ್ ಹಾಗೇ ಉಳಿದರೆ ಹೊಸದೊಂದು ಸಾಧನ ಬಂದು ಕೀಲಿಯನ್ನೇ ಕೇಳಿ ಪಡೆಯಬಹುದು. ಮೊದಲ ಜೋಡಣೆಗೆಂದು ಕೊಟ್ಟ ಕೀಲಿಯಂತೂ ಎಲ್ಲರಿಗೂ ಗೊತ್ತಿರುವುದೇ: ಹದಿನಾರು ಬೈಟ್, 30ರಿಂದ 3ಎಫ್‌ವರೆಗೆ ಸಾಲಾಗಿ. ಬಾಗಿಲು ಕಾಯುವ ಮಾನಕದಲ್ಲಿ ಇಷ್ಟು ಸಡಿಲ ಒಪ್ಪತಕ್ಕದ್ದಲ್ಲ.

ಹಾಗೆಂದು ವೀಗಾಂಡೇ ವಾಸಿ ಎನ್ನಲಾಗದು. ಸರಿಯಾಗಿ ಕೂಡಿಸಿದ ಓಎಸ್‌ಡಿಪಿ ಅದಕ್ಕಿಂತ ಎಷ್ಟೋ ಗಟ್ಟಿ. ರಾಜ್ಯದ ಸರ್ಕಾರಿ ಖರೀದಿಯ ಕೆಪಿಪಿಪಿ ಪೋರ್ಟಲಿಗೆ ಹೋಗುವ ಟೆಂಡರಿನಲ್ಲಿ ‘ಓಎಸ್‌ಡಿಪಿ ಇರಬೇಕು’ ಎಂದಷ್ಟೇ ಬರೆದರೆ ಸಾಲದು. ಸೆಕ್ಯೂರ್ ಚಾನೆಲ್ ಕಡ್ಡಾಯ, ಪ್ರತಿ ರೀಡರಿಗೂ ಬೇರೆ ಕೀಲಿ, ಕೆಲಸ ಮುಗಿದ ಮೇಲೆ ಇನ್‌ಸ್ಟಾಲ್ ಮೋಡ್ ಬಂದ್ ಎಂದು ಬರೆದು, ಬಿಲ್ ಪಾಸು ಮಾಡುವ ಮುನ್ನ ಪರೀಕ್ಷಿಸಬೇಕು. ಕಾರ್ಡನ್ನೂ ಬದಲಿಸಬೇಕು. ಹಳೆಯ 125 ಕಿಲೋಹರ್ಟ್ಸ್ ಕಾರ್ಡನ್ನು ಅಗ್ಗದ ಯಂತ್ರವೇ ನಕಲು ಮಾಡುವುದರಿಂದ, ಕಳ್ಳನಿಗೆ ತಂತಿಯವರೆಗೆ ಹೋಗುವ ಕಷ್ಟವೂ ಇರುವುದಿಲ್ಲ.