ಸ್ವಿಚ್ ಹಾಕುವವರು ಎಲ್ಲಿ ನಿಂತಿದ್ದಾರೆ?

ಹವ್ಯಾಸಕ್ಕಾಗಿ ದೊಡ್ಡ ರಾಕೆಟ್ ಹಾರಿಸುವವರಲ್ಲಿ ಒಂದು ಮಾತು ನಿಯಮದಷ್ಟೇ ಗಟ್ಟಿಯಾಗಿ ಬೇರೂರಿದೆ. ರಾಕೆಟ್ಟಿನೊಳಗಿನ ಎಲೆಕ್ಟ್ರಾನಿಕ್ಸ್‌ಗೆ ಕರೆಂಟ್ ಕೊಡುವ ಸ್ವಿಚ್ಚನ್ನು ಕೈಯಿಂದಲೇ ಹಾಕಬೇಕು, ಲೋಹಕ್ಕೆ ಲೋಹ ತಾಗಿದರೆ ಮಾತ್ರ ಸರ್ಕಿಟ್ ಕೂಡಬೇಕು, ವೈಫೈ ಬ್ಲೂಟೂತ್‌ಗಳಲ್ಲಿ ದೂರದಿಂದ ಹಾಕುವ ಸ್ವಿಚ್ಚನ್ನು ನಂಬಲೇಬಾರದು ಎಂಬುದು ಆ ಮಾತು. ಅದಕ್ಕೆ ಕೊಡುವ ಕಾರಣಗಳೂ ಸುಳ್ಳಲ್ಲ. ರೇಡಿಯೊ ಸಂಪರ್ಕ ಕೈಕೊಡುತ್ತದೆ. ಸಾಫ್ಟ್‌ವೇರ್ ಎಡವುತ್ತದೆ. ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್ ಕೆಟ್ಟಾಗ ಹೆಚ್ಚಿನ ಸಲ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಆಫ್ ಆಗಬೇಕಾದದ್ದು ಆನ್ ಆಗಿ ಉಳಿಯುತ್ತದೆ. ಇಷ್ಟನ್ನೂ ಒಪ್ಪುತ್ತೇನೆ. ಇವುಗಳಿಂದ ಹೊರಡಿಸಿದ ತೀರ್ಮಾನವನ್ನು ಮಾತ್ರ ಒಪ್ಪಲಾರೆ.

ಈ ಸ್ವಿಚ್ಚಿನ ಹಿಂದೆ ಇರುವುದೇನು ಎಂದು ಮೊದಲು ನೋಡೋಣ. ರಾಕೆಟ್ಟಿನ ನಡುಭಾಗದ ಡಬ್ಬಿಯೊಂದರಲ್ಲಿ ಗಾಳಿಯ ಒತ್ತಡ ಅಳೆದು ಎತ್ತರ ತಿಳಿಯುವ ಆಲ್ಟಿಮೀಟರ್ ಕುಳಿತಿರುತ್ತದೆ. ಡಬ್ಬಿಯ ಎರಡೂ ತುದಿಗಳಲ್ಲಿ ಕೆಲವು ಗ್ರಾಂ ಕರಿಮದ್ದು, ಅದರೊಳಗೆ ಹುದುಗಿಸಿದ, ಕರೆಂಟ್ ಹರಿದರೆ ಹೊತ್ತುವ ಇ-ಮ್ಯಾಚ್. ರಾಕೆಟ್ ತುತ್ತತುದಿಗೆ ಏರಿದಾಗ ಒಂದು ಮದ್ದು ಸಿಡಿದು ಚಿಕ್ಕ ಪ್ಯಾರಾಚೂಟನ್ನೂ, ಕೆಲವು ನೂರು ಅಡಿಗೆ ಇಳಿದಾಗ ಇನ್ನೊಂದು ಸಿಡಿದು ದೊಡ್ಡದನ್ನೂ ಹೊರಗೆ ತಳ್ಳಬೇಕು. ನೈಲಾನ್ ಪಿನ್ನುಗಳನ್ನು ಕತ್ತರಿಸಿ ಕೊಳವೆಯನ್ನು ಎರಡು ಹೋಳು ಮಾಡುವಷ್ಟು ಬಲ ಆ ಮದ್ದಿಗಿದೆ. ಕಣ್ಣಿಗೋ ಬೆರಳಿಗೋ ಬಡಿದರೆ ಗತಿಯೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಈಗ ಕೈಯಿಂದ ಸ್ವಿಚ್ ಹಾಕುವ ಕ್ಷಣವನ್ನು ಹತ್ತಿರದಿಂದ ನೋಡಿ. ರಾಕೆಟ್ ಉಡಾವಣಾ ಕಂಬಿಯ ಮೇಲೆ ನೆಟ್ಟಗೆ ನಿಂತಿದೆ. ಹಾರಿಸುವವರು ಏಣಿ ಹತ್ತಿ, ಗಾಳಿಯಾಡಲು ಬಿಟ್ಟ ಸಣ್ಣ ತೂತಿನೊಳಗೆ ಸ್ಕ್ರೂಡ್ರೈವರ್ ತೂರಿಸಿ, ಕಾಣದ ಸ್ಕ್ರೂವಿನ ತಲೆಗಾಗಿ ತಡಕಾಡುತ್ತಿದ್ದಾರೆ. ಸ್ಕ್ರೂ ತಿರುಗಿತು, ಬೀಪ್ ಶುರುವಾಯಿತು. ಸ್ಟ್ರಾಟೊಲಾಗರ್‌ನಂಥ ಆಲ್ಟಿಮೀಟರ್ ಮೂರು ಬೀಪ್ ಕೊಟ್ಟರೆ ಎರಡೂ ಇ-ಮ್ಯಾಚ್‌ಗಳ ತಂತಿ ಸರಿಯಿದೆ ಎಂದರ್ಥ. ಬಯಲಿನ ಗಾಳಿಯಲ್ಲಿ ಅದು ಕೇಳಿಸಬೇಕಾದರೆ ಕಿವಿಯನ್ನು ಕೊಳವೆಗೆ ಹತ್ತಿರ ಒಯ್ಯಲೇಬೇಕು. ಕರೆಂಟ್ ಹರಿದ ಮೊದಲ ಅರೆನಿಮಿಷ ಮನುಷ್ಯನ ಮುಖ ಆ ಮದ್ದಿನಿಂದ ಒಂದೋ ಎರಡೋ ಅಡಿ ದೂರದಲ್ಲಿರುತ್ತದೆ.

ಆ ಅರೆನಿಮಿಷದಲ್ಲಿ ಬ್ಯಾಟರಿಗೂ ಮದ್ದಿಗೂ ನಡುವೆ ತಡೆಯಾಗಿ ಉಳಿದಿರುವುದು ಯಾವುದು? ಲೋಹದ ಸ್ವಿಚ್ ಅಲ್ಲ, ಅದನ್ನು ಆಗಲೇ ಕೂಡಿಸಿಯಾಯಿತು. ಉಳಿದಿರುವುದು ಆಲ್ಟಿಮೀಟರಿನ ಒಳಗಿನ ಮಾಸ್‌ಫೆಟ್, ಮತ್ತು ಅದನ್ನು ಆಳುವ ಸಾಫ್ಟ್‌ವೇರ್. ದೂರದ ಸ್ವಿಚ್ಚಿನಲ್ಲಿ ಯಾವುದನ್ನು ನಂಬಬಾರದು ಎನ್ನುತ್ತೇವೋ ಅದನ್ನೇ ಇಲ್ಲಿ ಕಣ್ಣೆದುರು ಇಟ್ಟುಕೊಂಡು ನಂಬುತ್ತಿದ್ದೇವೆ. ಮಾಸ್‌ಫೆಟ್ ಶಾರ್ಟ್ ಆಗಿದ್ದರೆ ಮದ್ದು ಸಿಡಿಯುವುದು ಇದೇ ಕ್ಷಣದಲ್ಲಿ, ಏಣಿಯ ಮೇಲಿರುವವರ ಮುಖಕ್ಕೆ. ಅದೇ ಬಿಡಿಭಾಗ, ಅದೇ ದೋಷ, ಆದರೆ ಮನುಷ್ಯ ನೂರು ಅಡಿ ಆಚೆ ಇದ್ದರೆ ಹಾಳಾಗುವುದು ಒಂದು ದಿನದ ಹಾರಾಟ ಮಾತ್ರ.

ಕೆಡುವ ಸಾಧ್ಯತೆ ಒಂದು, ಕೆಟ್ಟಾಗ ಯಾರಿಗೆ ತಗಲುತ್ತದೆ ಎಂಬುದು ಇನ್ನೊಂದು. ರೂಢಿಯ ಮಾತು ಇವೆರಡನ್ನೂ ಕಲಸಿಬಿಟ್ಟಿದೆ. 1964ರ ಏಪ್ರಿಲ್ 14ರಂದು ಕೇಪ್ ಕೆನವೆರಲ್‌ನಲ್ಲಿ ಡೆಲ್ಟಾ ರಾಕೆಟ್ಟಿನ ಮೂರನೆಯ ಹಂತದ ಮೋಟಾರು ಕಟ್ಟಡದೊಳಗೇ ಹೊತ್ತಿಕೊಂಡು ಮೂವರು ಸತ್ತರು. ಉಪಗ್ರಹಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯಿಂದ ಹುಟ್ಟಿದ ಸ್ಥಿರವಿದ್ಯುತ್ತೇ ಅದಕ್ಕೆ ಕಾರಣ ಎನ್ನಲಾಯಿತು. ಅಲ್ಲಿ ಯಾರೂ ಯಾವ ಸ್ವಿಚ್ಚನ್ನೂ ಹಾಕಿರಲಿಲ್ಲ. ಸ್ವಿಚ್ ತೆರೆದಿದ್ದರೂ ಸಿಡಿಮದ್ದು ತನ್ನ ಹಾದಿ ಹುಡುಕಿಕೊಳ್ಳಬಲ್ಲದು, ಆಗ ಮನುಷ್ಯನನ್ನು ಕಾಯುವುದು ದೂರ ಒಂದೇ.

ಅಮೆರಿಕದ ರಾಕೆಟ್ ಹವ್ಯಾಸಿಗಳ ಸಂಸ್ಥೆಗಳಿಗೆ ಇದು ತಿಳಿಯದ್ದೇನಲ್ಲ. ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ಸಂಹಿತೆ ಜೆ ವರ್ಗದ ಮೋಟಾರಿಗೆ ಕನಿಷ್ಠ 100 ಅಡಿ, ಅದಕ್ಕಿಂತ ಬಲವಾದ ಎಂ ವರ್ಗಕ್ಕೆ 500 ಅಡಿ ದೂರ ನಿಲ್ಲಬೇಕೆನ್ನುತ್ತದೆ. ಮೋಟಾರನ್ನು ಯಾರೂ ಪಕ್ಕದಲ್ಲಿ ನಿಂತು ಹೊತ್ತಿಸುವುದಿಲ್ಲ, ದೂರದಿಂದ ಗುಂಡಿ ಒತ್ತುತ್ತಾರೆ. ಒಳಗಿನ ಮದ್ದಿನ ಬಗ್ಗೆ ಆ ಸಂಹಿತೆ ಹೇಳುವುದು, ರಾಕೆಟ್ ಹಾರುವ ಭಂಗಿಯಲ್ಲಿ ನಿಲ್ಲುವ ತನಕ ಅದು ತಡೆಹಿಡಿದಿರಬೇಕು ಎಂದು. ನಿಂತ ಮೇಲೆ ಆ ತಡೆಯನ್ನು ತೆಗೆಯುವವರು ಎಷ್ಟು ದೂರದಲ್ಲಿರಬೇಕು ಎಂಬ ಪ್ರಶ್ನೆಗೂ ಮೋಟಾರಿನಷ್ಟೇ ಗೌರವ ಸಿಗಬೇಕಿತ್ತು. ಎರಡು ಹಂತದ ರಾಕೆಟ್ಟಿನಲ್ಲಂತೂ ಮೇಲಿನ ಮೋಟಾರನ್ನು ಹೊತ್ತಿಸುವುದೂ ಒಳಗಿನ ಎಲೆಕ್ಟ್ರಾನಿಕ್ಸೇ. ಅದಕ್ಕೆ ಏಣಿಯ ಮೇಲೆ ನಿಂತು ಕರೆಂಟ್ ಕೊಡುವುದನ್ನು ಎಚ್ಚರಿಕೆ ಎಂದು ಕರೆಯಲು ನನಗೆ ಸಾಧ್ಯವಿಲ್ಲ.

ದೂರದ ಸ್ವಿಚ್ಚಿನ ನಿಜವಾದ ಬೆಲೆ ತಿಳಿಯುವುದು ಹಾರಾಟ ಕೆಟ್ಟಾಗ. ಮೋಟಾರು ಹೊತ್ತಲಿಲ್ಲ ಎನ್ನಿ. ಲಾಂಚರಿನ ಕೀಲಿ ತೆಗೆದು 60 ಸೆಕೆಂಡು ಕಾದು ಹತ್ತಿರ ಹೋಗಬೇಕು ಎನ್ನುತ್ತದೆ ಸಂಹಿತೆ. ಸರಿ, ಆದರೆ ಆಲ್ಟಿಮೀಟರ್ ಇನ್ನೂ ಎಚ್ಚರವಾಗಿದೆ, ಮದ್ದು ಸಜ್ಜಾಗಿದೆ. ಅದನ್ನು ಆರಿಸಲು ಯಾರಾದರೂ ಮತ್ತೆ ಏಣಿ ಹತ್ತಲೇಬೇಕು. ಇದಕ್ಕಿಂತ ಕೆಟ್ಟದ್ದು, ಒಂದು ಮದ್ದು ಸಿಡಿಯದೆಯೇ ನೆಲಕ್ಕೆ ಬಿದ್ದ ರಾಕೆಟ್. ಜೋಳದ ಹೊಲದಲ್ಲೋ ಮರುಭೂಮಿಯಲ್ಲೋ ಅರ್ಧ ಮುರಿದು ಬಿದ್ದಿರುತ್ತದೆ, ತಂತಿಗಳು ಎಳೆದಾಡಿಹೋಗಿರುತ್ತವೆ, ಸ್ವಿಚ್ಚಿನ ತೂತು ಮಣ್ಣಿನಡಿ ಸೇರಿರುತ್ತದೆ. ಹುಡುಕಿಕೊಂಡು ಓಡಿದವರು ಸಂಭ್ರಮದಲ್ಲೋ ಬೇಸರದಲ್ಲೋ ಅದನ್ನು ಎತ್ತಿಕೊಳ್ಳುತ್ತಾರೆ. ಹತ್ತಿರ ಹೋಗುವ ಮೊದಲೇ ಫೋನಿನಿಂದ ಅದನ್ನು ನಿಷ್ಕ್ರಿಯಗೊಳಿಸಲು ಬಂದರೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಉತ್ತರ ಬರದಿದ್ದರೆ ಆ ಮೌನವೇ ಎಚ್ಚರಿಕೆ, ಬ್ಯಾಟರಿ ಮುಗಿಯುವ ತನಕ ದೂರ ನಿಲ್ಲಬೇಕು.

ರೂಢಿಯ ಮಾತು ಇನ್ನೊಂದು ಗೊಂದಲವನ್ನೂ ಸಾಕಿಕೊಂಡಿದೆ. ಅಯಸ್ಕಾಂತ ಸೋಕಿಸಿ ಹಾಕುವ ಸ್ವಿಚ್ಚನ್ನೂ ವೈಫೈ ಸ್ವಿಚ್ಚನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ. ಅಯಸ್ಕಾಂತದ್ದರಲ್ಲಿ ತೂತು ಬೇಡ, ಸ್ಕ್ರೂಡ್ರೈವರ್ ಬೇಡ, ಆದರೆ ಕೈ ಮಾತ್ರ ಕೊಳವೆಯ ಮೇಲೇ ಇರಬೇಕು. ಅದು ಸುಲಭದ ಸ್ವಿಚ್ಚೇ ಹೊರತು ದೂರದ ಸ್ವಿಚ್ ಅಲ್ಲ. ಲೋಹದ ಸಂಪರ್ಕ ನಿಜವಾಗಿ ಕಡಿಯುವುದೂ ಇಲ್ಲ, ದೂರವೂ ಇಲ್ಲ. ಅದನ್ನು ಒಂಟಿಯಾಗಿ ಬಳಸುವುದಕ್ಕೆ ನನ್ನ ವಿರೋಧವಿದೆ. ವೈಫೈ ಸ್ವಿಚ್ ಕೊಂಡು, ರಾಕೆಟ್ಟಿನ ಬುಡದಲ್ಲೇ ನಿಂತು ಫೋನ್ ಒತ್ತುವವರೂ ಅದೇ ತಪ್ಪು ಮಾಡುತ್ತಿದ್ದಾರೆ.

ಹಾಗೆಂದು ಲೋಹದ ಸ್ವಿಚ್ಚನ್ನು ಕಿತ್ತೊಗೆಯಿರಿ ಎನ್ನುತ್ತಿಲ್ಲ. ಕಾರಿನಲ್ಲಿ ಒಯ್ಯುವಾಗ, ತಪಾಸಣೆಯ ಮೇಜಿನ ಸುತ್ತ ಹತ್ತು ಜನ ನೆರೆದಾಗ, ಹೆಗಲ ಮೇಲೆ ಹೊತ್ತು ನಡೆಯುವಾಗ ದೂರ ಎಂಬುದೇ ಇರುವುದಿಲ್ಲ. ಆಗ ತಂತಿ ನಿಜವಾಗಿ ತುಂಡಾಗಿರಬೇಕು, ರೇಡಿಯೊ ಕೂಡ ಸತ್ತಿರಬೇಕು. ಲೋಹದ ಸ್ವಿಚ್ಚನ್ನೂ ದೂರದ ಸ್ವಿಚ್ಚನ್ನೂ ಸಾಲಾಗಿ ಜೋಡಿಸುವುದೇ ಸರಿಯಾದ ದಾರಿ. ರಾಕೆಟ್ ನೆಟ್ಟಗೆ ನಿಂತ ಮೇಲೆ ಲೋಹದ ಸ್ವಿಚ್ಚನ್ನು ಹಾಕಿದರೆ ದೂರದ ಸ್ವಿಚ್ಚಿನ ರೇಡಿಯೊ ಮಾತ್ರ ಎಚ್ಚರಗೊಳ್ಳಲಿ. ಆಲ್ಟಿಮೀಟರಿಗೂ ಮದ್ದಿಗೂ ಕರೆಂಟ್ ಸಿಗುವುದು ಎಲ್ಲರೂ ಆಚೆ ಹೋದ ಮೇಲೆ. ಏಣಿಯ ಮೇಲಿನ ಕ್ಷಣದಲ್ಲಿ ಆಗ ಒಂದರ ಬದಲು ಎರಡು ತಡೆಗಳಿರುತ್ತವೆ.

ನ್ಯೂ ಮೆಕ್ಸಿಕೊದ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಎಂಬ ರಾಕೆಟ್ ಪಂದ್ಯದಲ್ಲಿ ಮಣಿಪಾಲದ ಥ್ರಸ್ಟ್ ಎಂಐಟಿಯಂಥ ವಿದ್ಯಾರ್ಥಿ ತಂಡಗಳೂ ಸ್ಪರ್ಧಿಸಿವೆ. ನಮ್ಮ ಹುಡುಗ ಹುಡುಗಿಯರೇ ಆ ಏಣಿ ಹತ್ತುವವರು. ತಂಡದ ವಿನ್ಯಾಸ ನೋಡುವ ಮೇಷ್ಟ್ರು ಯಾವ ಸ್ವಿಚ್ ಹಾಕಿದ್ದೀರಿ ಎಂದು ಕೇಳುವ ಜೊತೆಗೆ, ಸ್ವಿಚ್ ಹಾಕುವಾಗ ಯಾರು ಎಲ್ಲಿ ನಿಂತಿರುತ್ತೀರಿ ಎಂದೂ ಕೇಳಲಿ. ಕೊಳವೆ ಕಾರ್ಬನ್ ಫೈಬರಿನದಾದರೆ ರೇಡಿಯೊ ಹೊರಗೆ ಬರುವುದಿಲ್ಲ, ಆ ಭಾಗವನ್ನಾದರೂ ಫೈಬರ್‌ಗ್ಲಾಸಿನಲ್ಲಿ ಮಾಡಬೇಕಾಗುತ್ತದೆ. ವೈಫೈ ಬ್ಯಾಟರಿಯನ್ನು ಬೇಗ ತಿನ್ನುತ್ತದೆ, ಉಡಾವಣಾ ಪ್ಯಾಡಿನ ಮೇಲೆ ತಾಸುಗಟ್ಟಲೆ ಕಾಯುವ ಲೆಕ್ಕ ಹಾಕಿಯೇ ಬ್ಯಾಟರಿ ಆರಿಸಬೇಕು. ಮತ್ತು ಮದ್ದನ್ನು ಸಜ್ಜುಗೊಳಿಸುವ ಫೋನ್ ಒಂದೇ ಇರಲಿ, ಅದು ಪ್ಯಾಡಿಗೆ ಕೊನೆಯದಾಗಿ ಹೋಗುವವರ ಜೇಬಿನಲ್ಲೇ ಇರಲಿ. ಅವರು ವಾಪಸು ಬರುವ ತನಕ ಬೇರೆ ಯಾರ ಕೈಗೂ ಅದು ಸಿಗಬಾರದು.