ಮೈಬಿಸಿಗೆ ಗಟ್ಟಿಯಾಗುವ ಹನಿ

ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯವರಿಗೆ ಆಲೆಮನೆಯ ಪಾಕದ ಹದ ಹೇಳಿಕೊಡಬೇಕಿಲ್ಲ. ಕೊಪ್ಪರಿಗೆಯಲ್ಲಿ ಕುದಿಯುವಾಗ ರಸ, ಆರಿದರೆ ಬೆಲ್ಲ. ಸ್ತನ ಕ್ಯಾನ್ಸರ್ ಸಂಶೋಧನೆಯ ಪ್ರಯೋಗಾಲಯದಲ್ಲಿ ಇದಕ್ಕೆ ತಿರುಗಾಮುರುಗಾ ಆದ ಒಂದು ಹದವಿದೆ. ಮ್ಯಾಟ್ರಿಜೆಲ್ ಎಂಬ ವಸ್ತು ಐಸ್ ಮೇಲಿರುವಷ್ಟು ಹೊತ್ತೂ ನೀರು. ಮೈಬಿಸಿ ತಾಗಿತೋ, ಹೆಪ್ಪುಗಟ್ಟುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸ್ತನದ ಚೂರನ್ನು ಬ್ಲೇಡಿನಿಂದ ಸಣ್ಣಗೆ ಕೊಚ್ಚಿ, ಕೊಲಾಜಿನೇಸ್ ಕಿಣ್ವದಲ್ಲಿ ನೆನೆಸಿ ನಾರು ಕರಗಿಸುತ್ತಾರೆ. ಉಳಿದ ಕೋಶಗಳನ್ನು ಈ ಜೆಲ್‌ಗೆ ಬೆರೆಸಿ ತಟ್ಟೆಯಲ್ಲಿ ಹನಿಹನಿಯಾಗಿ ಬಿಡುತ್ತಾರೆ. ದಿನ ಕಳೆದಂತೆ ಹನಿಯೊಳಗೆ ಪುಟ್ಟ ಪುಟ್ಟ ಗುಂಡುಗಳು ಮೂಡುತ್ತವೆ. ಅವೇ ಆರ್ಗನಾಯ್ಡ್‌ಗಳು.

ಇದರ ಬೆಲೆ ತಿಳಿಯಲು ಹಳೆಯ ಪದ್ಧತಿಯನ್ನು ನೋಡಬೇಕು. ದಶಕಗಳ ಕಾಲ ಲ್ಯಾಬಿನಲ್ಲಿ ಸ್ತನ ಕ್ಯಾನ್ಸರ್ ಎಂದರೆ ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಚಪ್ಪಟೆಯಾಗಿ ಅಂಟಿ ಬೆಳೆಯುವ ಎಂಸಿಎಫ್-7ರಂಥ ಕೋಶಗಳು. ಅವು 1970ರಲ್ಲಿ ಅಮೆರಿಕದ ಕ್ರೈಸ್ತ ಸನ್ಯಾಸಿನಿಯೊಬ್ಬರ ಎದೆಗೂಡಿನಲ್ಲಿ ತುಂಬಿದ್ದ ನೀರಿನಿಂದ ಸಿಕ್ಕವು. ತಟ್ಟೆಯ ಮೇಲೆ ಒಳ್ಳೆಯ ಕೋಶಕ್ಕೂ ಕೆಟ್ಟ ಕೋಶಕ್ಕೂ ವ್ಯತ್ಯಾಸ ಹೇಳುವುದೇ ಕಷ್ಟ. ಜೆಲ್‌ನೊಳಗೆ ಅದು ಎದ್ದು ಕಾಣುತ್ತದೆಂದು 1992ರಲ್ಲಿ ಓಲೆ ಪೀಟರ್ಸನ್, ಮಿನಾ ಬಿಸೆಲ್ ಮತ್ತು ಸಂಗಡಿಗರು ತೋರಿಸಿದರು: ಒಳ್ಳೆಯವು ದುಂಡಾಗಿ ಬೆಳೆದು ಅಲ್ಲಿಗೆ ನಿಂತವು, ಕ್ಯಾನ್ಸರಿನವು ಆಕಾರಗೆಟ್ಟು ಹಬ್ಬಿದವು. 1997ರಲ್ಲಿ ಬಿಸೆಲ್ ತಂಡ ಇನ್ನೂ ಮುಂದೆ ಹೋಯಿತು. ಕೋಶವು ಸುತ್ತಲಿನ ಜಾಲವನ್ನು ಹಿಡಿದುಕೊಳ್ಳುವ ಇಂಟಿಗ್ರಿನ್ ಪ್ರೋಟೀನಿಗೆ ತಡೆ ಒಡ್ಡಿದಾಗ, ಜೀನುಗಳು ಕೆಟ್ಟಿದ್ದಂತೆಯೇ ಇದ್ದರೂ ಕ್ಯಾನ್ಸರ್ ಕೋಶಗಳು ಒಳ್ಳೆಯ ಕೋಶಗಳ ಹಾಗೆ ದುಂಡಗೆ ಕೂಡಿಕೊಂಡವು. ಬೀಜ ಎಷ್ಟು ಮುಖ್ಯವೋ ನೆಲವೂ ಅಷ್ಟೇ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ?

2018ರಲ್ಲಿ ನೆದರ್ಲೆಂಡ್ಸಿನ ಹಾನ್ಸ್ ಕ್ಲೆವರ್ಸ್ ತಂಡ ನೂರಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ಆರ್ಗನಾಯ್ಡ್ ತಳಿಗಳ ಜೀವಂತ ಬ್ಯಾಂಕನ್ನೇ ಕಟ್ಟಿತು. 2022ರಲ್ಲಿ ಅಮೆರಿಕದ ಯೂಟಾದ ಸಂಶೋಧಕರು ಪ್ರಕಟಿಸಿದ ಒಂದು ಪ್ರಕರಣ ಮನಸ್ಸಿನಲ್ಲಿ ಉಳಿಯುವಂಥದ್ದು. ಹಾರ್ಮೋನ್ ಗ್ರಾಹಕಗಳೂ ಹರ್-2 ಪ್ರೋಟೀನೂ ಇಲ್ಲದ, ಟ್ರಿಪಲ್ ನೆಗೆಟಿವ್ ಎಂಬ ಬಗೆಯ ಸ್ತನ ಕ್ಯಾನ್ಸರ್ ಮರುಕಳಿಸಿದ್ದ ಮಹಿಳೆಯ ಗೆಡ್ಡೆಯಿಂದ ಬೆಳೆಸಿದ ಆರ್ಗನಾಯ್ಡ್‌ಗಳ ಮೇಲೆ ಔಷಧಗಳನ್ನು ಪರೀಕ್ಷಿಸಿದಾಗ ಎರಿಬುಲಿನ್ ಕೆಲಸ ಮಾಡುವುದು ಕಂಡಿತು. ಅದನ್ನೇ ಕೊಟ್ಟರು, ಗೆಡ್ಡೆಗಳು ಸ್ಕ್ಯಾನಿನಲ್ಲಿ ಕಾಣದಷ್ಟು ಕರಗಿದವು. ಆದರೆ ಇದು ಒಬ್ಬರ ಕಥೆ. ಇದನ್ನು ನಂಬಿ ಎಲ್ಲರ ಕಿಮೋ ನಿರ್ಧರಿಸಲಾಗದು.

ಬಿಸೆಲ್ ಲ್ಯಾಬಿನಲ್ಲಿ ಪಳಗಿದ ರಾಮ್‌ರೇ ಭಟ್ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾರೆ. 2019ರಲ್ಲಿ ಅವರ ತಂಡ ಸ್ತನ ಕ್ಯಾನ್ಸರ್ ಕೋಶಗಳ ಗುಚ್ಛಕ್ಕೆ ಮೊದಲು ತೆಳು ಪೊರೆ ಹೊದಿಸಿ, ಅದರಾಚೆ ಕೊಲಾಜೆನ್ ತುಂಬಿ, ಕೋಶಗಳು ಪೊರೆ ದಾಟಿ ಗುಂಪಾಗಿಯೂ ಒಂಟಿಯಾಗಿಯೂ ನುಗ್ಗುವ ಬಗೆಯನ್ನು ನೋಡಿತು. ಸೊಗಸಾದ ಪ್ರಯೋಗ. ನೆಲವನ್ನು ಪದರ ಪದರವಾಗಿ ಕಟ್ಟಿದ್ದು ಅದರ ಹೆಚ್ಚುಗಾರಿಕೆ. ಆದರೆ ಆ ನೆಲಕ್ಕೆ ಬಿತ್ತಿದ ಬೀಜ? ಮುಖ್ಯವಾಗಿ ಬಳಸಿದ ಎಂಡಿಎ-ಎಂಬಿ-231 ಕೋಶಗಳು 1970ರ ದಶಕದಲ್ಲಿ ಹ್ಯೂಸ್ಟನ್ನಿನ ರೋಗಿಯೊಬ್ಬರಿಂದ ಬಂದವು.

ಕೊರತೆ ಹೇಳಬೇಕೆಂದರೆ ನೆಲದ್ದೂ ಇದೆ. ಮ್ಯಾಟ್ರಿಜೆಲ್ ಬರುವುದು ಇಲಿಯ ಗೆಡ್ಡೆಯಿಂದ; ಬ್ಯಾಚಿನಿಂದ ಬ್ಯಾಚಿಗೆ ಅದರ ಹದ ಬದಲಾಗುತ್ತದೆ, ಬೆಲೆಯೂ ದುಬಾರಿ. ಸಾಮಾನ್ಯ ಆರ್ಗನಾಯ್ಡ್‌ನಲ್ಲಿ ರಕ್ತನಾಳವಿಲ್ಲ, ಕೊಬ್ಬಿಲ್ಲ, ಗೆಡ್ಡೆಯೊಡನೆ ಸೆಣಸುವ ರೋಗನಿರೋಧಕ ಕೋಶಗಳಿಲ್ಲ. ಹಾಗಾಗಿ ಇಮ್ಯುನೊಥೆರಪಿಯ ಪ್ರಶ್ನೆಗೆ ಅದೊಂದೇ ಉತ್ತರ ಕೊಡಲಾರದು. ಈ ದೃಷ್ಟಿಯಿಂದ ಬೆಂಗಳೂರಿನ ಮಿತ್ರ ಬಯೋಟೆಕ್ 2015ರಲ್ಲಿ ಪ್ರಕಟಿಸಿದ ದಾರಿ ಗಮನಾರ್ಹ. ಅವರು ಗೆಡ್ಡೆಯನ್ನು ಬಿಡಿಸಿ ಬೆಳೆಸಲಿಲ್ಲ; ತೆಳ್ಳಗೆ ಹೋಳು ಮಾಡಿ ಅದೇ ರೋಗಿಯ ಸೀರಮ್‌ನಲ್ಲಿ ಇಟ್ಟರು. ನೆರೆಹೊರೆಯ ಕೋಶಗಳೂ ಜೊತೆಗೇ ಉಳಿದವು. ಹೋಳು ಹೆಚ್ಚು ದಿನ ಬದುಕದು, ಆರ್ಗನಾಯ್ಡ್ ತಿಂಗಳುಗಟ್ಟಲೆ ಬೆಳೆಯುತ್ತದೆ. ಒಂದರ ಕೆಲಸ ಇನ್ನೊಂದು ಮಾಡಲಾರದು.

2023ರ ಮಾರ್ಚಿನಲ್ಲಿ ಭಾರತ ಸರ್ಕಾರ ಹೊಸ ಔಷಧಗಳ ನಿಯಮ ತಿದ್ದಿ, ಪ್ರಾಣಿಗಳ ಬದಲು ಆರ್ಗನಾಯ್ಡ್‌ನಂಥ ವಿಧಾನಗಳಿಗೂ ಮನ್ನಣೆ ಕೊಟ್ಟಿತು. ಸ್ವಾಗತಾರ್ಹವೇ. ಆದರೆ ಯಾರ ಕೋಶಗಳ ಮೇಲೆ ಪರೀಕ್ಷೆ? ನಮ್ಮಲ್ಲಿ ಈ ರೋಗ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಟ್ರಿಪಲ್ ನೆಗೆಟಿವ್ ಬಗೆ ಅಲ್ಲಿಗಿಂತ ಹೆಚ್ಚು, ಮೂರರಲ್ಲಿ ಒಂದರಷ್ಟು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ನೋಂದಣಿ 1982ರಿಂದ ಕ್ಯಾನ್ಸರ್ ಲೆಕ್ಕ ಇಟ್ಟುಕೊಂಡು ಬಂದಿದೆ. ಎಣಿಕೆಗೆ ತೋರಿದ ಆ ಶ್ರದ್ಧೆ ನಮ್ಮ ಹೆಂಗಸರ ಜೀವಂತ ಕೋಶಗಳ ಬ್ಯಾಂಕಿಗೂ ಸಲ್ಲಬೇಕು.

ಅದಕ್ಕೆ ಮೊದಲ ಮೆಟ್ಟಿಲು ಒಪ್ಪಿಗೆ ಪತ್ರ. ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ಮದ್ದೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ಆಸ್ಪತ್ರೆಗೆ ಬರುವ ಆತಗೂರು ಕಡೆಯ ತಾಯಿಗೆ ಆ ಹಾಳೆಯನ್ನು ಯಾರಾದರೂ ಪಕ್ಕದಲ್ಲಿ ಕೂತು ಓದಿ ಹೇಳಬೇಕು: "ಅಮ್ಮಾ, ನಿಮ್ಮ ಗೆಡ್ಡೆಯ ಒಂದು ಚೂರನ್ನ ನಾವು ಬೆಳೆಸ್ತೀವಿ. ಅದು ಫ್ರೀಜರ್‌ನಲ್ಲಿ ವರ್ಷಗಟ್ಟಲೆ ಬದುಕಿರುತ್ತೆ, ಬೇರೆ ಊರಿನ ಲ್ಯಾಬಿಗೂ ಹೋಗಬಹುದು. ಬೇಡ ಅಂದ್ರೂ ನಿಮ್ಮ ಚಿಕಿತ್ಸೆ ನಿಲ್ಲಲ್ಲ."