ನಿಂತ ರೈಲಿನ ಮುಖಗಳು

ಸಿಡ್ನಿ ಲುಮೆಟ್ ನಿರ್ದೇಶನದ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ (1974) ತೀರಾ ನಿಧಾನ, ಕೊಲೆಯ ಗುಟ್ಟು ತಿಳಿದ ಮೇಲೆ ಅದರಲ್ಲಿ ನೋಡುವುದೇನಿದೆ ಎನ್ನುವವರಿದ್ದಾರೆ. ನಿಧಾನವೆಂಬುದು ನಿಜ, ರೈಲು ಹಿಮದಲ್ಲಿ ಸಿಕ್ಕಿಕೊಂಡಿದೆ. ಆದರೆ ಆ ನಿಲುಗಡೆಯೇ ಚಿತ್ರದ ಜೀವ. ಆಲ್ಬರ್ಟ್ ಫಿನ್ನಿಯ ಪತ್ತೇದಾರ ಪೊಯಿರೋ ಇಂಗ್ರಿಡ್ ಬರ್ಗ್‌ಮನ್‌ರನ್ನು ಪ್ರಶ್ನಿಸುವ ದೃಶ್ಯದಲ್ಲಿ ಕ್ಯಾಮೆರಾ ನಿಮಿಷಗಟ್ಟಲೆ ಒಂದೇ ಶಾಟಿನಲ್ಲಿ ಅವರ ಮುಖ ಬಿಟ್ಟು ಕದಲುವುದಿಲ್ಲ. ಅಳುಕು, ಭಕ್ತಿ, ಅಡಗಿಸಿಟ್ಟ ನೋವು, ಎಲ್ಲಕ್ಕೂ ನಾವೇ ಸಾಕ್ಷಿ. ಆ ಪುಟ್ಟ ಪಾತ್ರಕ್ಕೇ ಅವರಿಗೆ ಆಸ್ಕರ್ ಬಂತು.

ಇನ್ನು ಗುಟ್ಟಿನ ಮಾತು. ಬೆಂಗಳೂರು ದಂಡು ನಿಲ್ದಾಣದಲ್ಲಿ ರಾತ್ರಿ ರೈಲು ಹತ್ತಿದ ಅಪರಿಚಿತರು ಕೃಷ್ಣರಾಜಪುರ ದಾಟುವಷ್ಟರಲ್ಲಿ ಊರು, ಮನೆ, ಮಕ್ಕಳ ಸುದ್ದಿ ಮಾತಾಡಿಕೊಳ್ಳುತ್ತಾರೆ. ಚಿತ್ರದಲ್ಲಿ ತದ್ವಿರುದ್ಧ: ಬಲ್ಲವರೇ ಅಪರಿಚಿತರಂತೆ ಕೂತಿದ್ದಾರೆ. ಎರಡನೇ ಸಲ ನೋಡಿದಾಗಲೇ ಒಂದೊಂದು ಸುಳ್ಳಿನ ಹಿಂದಿರುವ ದುಃಖ ಕಣ್ಣಿಗೆ ಬೀಳುವುದು.